ಕೊಲ್ಲಿಮಲೈಯ ಬ್ರಾಂಡ್ ಕುಟುಂಬ: ಕಲಿಸಿದ್ದು, ಕಲಿತದ್ದು

(ನರ್ಸಿಂಗ್ ಓದುತ್ತಿರುವ ಮಕ್ಕಳು ಮತ್ತು ಅವರ ಮೇಷ್ಟ್ರುಗಳ ಮುಂದೆ ಆಡಿದ ಮಾತುಗಳಿವು. ಅಂದು ಬರಲಾಗದವರು ಕೇಳಿದ್ದಕ್ಕೆ ಬರೆದು ಹಾಕುತ್ತಿದ್ದೇನೆ. ಅವಸರದಲ್ಲಿ ಹೇಳದೆ ಬಿಟ್ಟಿದ್ದನ್ನು ಅಲ್ಲಲ್ಲಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳೂ ಇವೆ.)

ಸೇಲಂನಿಂದ ನಾಮಕ್ಕಲ್ ಕಡೆಗೆ ಹೋಗುವಾಗ ಎಡಗಡೆ ದೂರದಲ್ಲಿ ಒಂದು ಬೆಟ್ಟಸಾಲು ಕಾಣುತ್ತದೆ. ಅದೇ ಕೊಲ್ಲಿಮಲೈ. ಈಗ ಅಲ್ಲಿಗೆ ಒಳ್ಳೆ ರಸ್ತೆ ಇದೆ, 70 ಹೇರ್‌ಪಿನ್ ತಿರುವುಗಳ ರಸ್ತೆ. ಬೆಂಗಳೂರಿನ ಹುಡುಗರು ವಾರಾಂತ್ಯಕ್ಕೆ ಬೈಕ್ ಹತ್ತಿ ಹೋಗಿ, ಆಗಾಯ ಗಂಗೈ ಜಲಪಾತದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನಿಮ್ಮಲ್ಲೂ ಹೋಗಿಬಂದವರು ಇರಬಹುದು.

ನೂರು ವರ್ಷದ ಹಿಂದೆ ಆ ರಸ್ತೆ ಇರಲಿಲ್ಲ. ಕಾಲುದಾರಿ ಹಿಡಿದು ಹತ್ತಬೇಕು. ಆಗದವರನ್ನು ಡೋಲಿಯಲ್ಲಿ ಹೊತ್ತುಕೊಂಡು ಹೋಗಬೇಕು. ಮೇಲೆ ಇದ್ದವರು ಮಲೆಯಾಳಿ ಎಂದು ಕರೆಸಿಕೊಳ್ಳುವ ಗುಡ್ಡಗಾಡು ಜನ. ಹೆಸರು ಕೇಳಿ ಕೇರಳದವರು ಅಂದುಕೊಳ್ಳಬೇಡಿ, ಅವರು ಆಡುವುದು ತಮಿಳು. ಸಾಮೆ, ರಾಗಿ ಬೆಳೆಯುತ್ತಿದ್ದರು, ನೀರಿದ್ದ ಕಡೆ ಮೆಟ್ಟಿಲು ಗದ್ದೆ ಮಾಡಿ ಭತ್ತ ಹಾಕುತ್ತಿದ್ದರು. ಬಯಲಿನವರು ಮಾತ್ರ ಅಲ್ಲಿ ರಾತ್ರಿ ಉಳಿಯಲು ಹೆದರುತ್ತಿದ್ದರು. ಕಾರಣ ಮಲೇರಿಯಾ. ಆ ಬೆಟ್ಟದ ಜ್ವರ ಅಷ್ಟು ಕೆಟ್ಟ ಹೆಸರು ಮಾಡಿತ್ತು.

ಅಂಥ ಜಾಗಕ್ಕೆ ಸಂಸಾರ ಕಟ್ಟಿಕೊಂಡು ಹೋದವರು ಇಂಗ್ಲೆಂಡಿನ ಮಿಷನರಿ ದಂಪತಿ ಜೆಸ್ಸಿ ಬ್ರಾಂಡ್ ಮತ್ತು ಎವ್ಲಿನ್ ಬ್ರಾಂಡ್. ಅವರ ಮಗ ಪಾಲ್ ಬ್ರಾಂಡ್ ಹೆಸರನ್ನು ನೀವು ಎಲ್ಲೋ ಕೇಳಿರುತ್ತೀರಿ, ಕುಷ್ಠರೋಗದ ಪಾಠದಲ್ಲಿ ಬರುತ್ತದೆ. ವೆಲ್ಲೂರಿನಲ್ಲಿ ಮಗ ಮಾಡಿದ ಕೆಲಸದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಆ ಬೆಟ್ಟದ ಮನೆಯ ಮೇಲೆ. ಆ ಮಗ ಡಾಕ್ಟರ್ ಆಗಿ ಮಾಡಿದ ದೊಡ್ಡ ಕೆಲಸಗಳ ಬೇರು ಹುಡುಕಿದರೆ, ಅದರಲ್ಲಿ ಬಹುಪಾಲು ಒಂಬತ್ತು ವರ್ಷದೊಳಗೆ, ಶಾಲೆಯ ಮೆಟ್ಟಿಲು ಹತ್ತದೆ, ಆ ಹಳ್ಳಿಯಲ್ಲಿ ಕಂಡದ್ದೇ. ಇವತ್ತು ನಾನು ಹೇಳಬೇಕೆಂದಿರುವುದು ಅದು. ಅಪ್ಪ ಅಮ್ಮ ಕಲಿಸಲು ಹೋದರು. ಊರೂ ಅವರಿಗೆ, ಅವರ ಮಗನಿಗೆ ಕಲಿಸಿತು. ಆ ಎರಡನೆಯದನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

ಮೊದಲು ಆ ದಂಪತಿ ಯಾರು ಅಂತ ಸ್ವಲ್ಪ ಹೇಳಿಬಿಡುತ್ತೇನೆ. ಜೆಸ್ಸಿ ಇಂಗ್ಲೆಂಡಿನವರು, ಮನೆ ಕಟ್ಟುವ ಕೆಲಸದ ಮನೆತನ. 1907ರಲ್ಲಿ ಸ್ಟ್ರಿಕ್ಟ್ ಬ್ಯಾಪ್ಟಿಸ್ಟ್ ಮಿಷನ್ ಎಂಬ ಚಿಕ್ಕ ಸಂಸ್ಥೆಯ ಪರವಾಗಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು. ಡಾಕ್ಟರ್ ಅಲ್ಲ. ಬಿಸಿ ದೇಶಗಳ ಕಾಯಿಲೆಗಳ ಬಗ್ಗೆ ಮಿಷನರಿಗಳಿಗೆಂದೇ ನಡೆಸುತ್ತಿದ್ದ ಒಂದು ಸಣ್ಣ ಕೋರ್ಸ್ ಮಾಡಿದ್ದರು, ಅಷ್ಟೇ. ಎವ್ಲಿನ್ ಲಂಡನ್ನಿನ ಅನುಕೂಲಸ್ಥ ಮನೆಯ ಮಗಳು. ಚಿತ್ರ ಬರೆಯುವುದರಲ್ಲಿ ಆಸಕ್ತಿ, ಒಳ್ಳೆ ಬಟ್ಟೆ, ತುಂಬಿದ ಮನೆ. ಗಂಡನಿಗಿಂತ ಆರು ವರ್ಷ ದೊಡ್ಡವರು. 1913ರಲ್ಲಿ ಮದುವೆಯಾಗಿ, ಬೆಟ್ಟ ಹತ್ತಿ ಸಂಸಾರ ಹೂಡಿದರು.

ಮನೆಯನ್ನು ಜೆಸ್ಸಿಯೇ ಮಾಡಿದ್ದು. ಮರದ ಮನೆ. ಬಯಲಿನಲ್ಲಿ ಚೌಕಟ್ಟು ಕೊಯ್ದು, ಜೋಡಿಸಿ ನೋಡಿ, ಬಿಚ್ಚಿ, ಆಳುಗಳ ತಲೆ ಮೇಲೆ ಹೊರಿಸಿ ಬೆಟ್ಟದ ಮೇಲೆ ಮತ್ತೆ ನಿಲ್ಲಿಸಿದರು. ಗೆದ್ದಲು ಹತ್ತದಂತೆ ಕಂಬಗಳ ಮೇಲೆ ಎತ್ತರಕ್ಕೆ ಕಟ್ಟಿದ ಮನೆ ಅದು. ಪಾಲ್ 1914ರಲ್ಲಿ, ತಂಗಿ ಕಾನಿ 1916ರಲ್ಲಿ ಹುಟ್ಟಿದರು. ಇಬ್ಬರೂ ತಮಿಳು ಮಾತಾಡಿಕೊಂಡು, ಬರಿಗಾಲಲ್ಲಿ ಓಡಾಡಿಕೊಂಡು ಅಲ್ಲೇ ಬೆಳೆದರು.

ಇನ್ನು ಬೋಧನೆಯ ವಿಷಯ. ಅವರು ಬಂದದ್ದೇ ಕ್ರಿಸ್ತನ ವಿಷಯ ಹೇಳಲು. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ, ಅವರೂ ಮುಚ್ಚಿಟ್ಟಿರಲಿಲ್ಲ. ಹೇಳಿದರು. ಜನ ಕೇಳಿದರು, ಎದ್ದು ಹೋದರು. ವರ್ಷಗಟ್ಟಲೆ ಒಬ್ಬರೂ ಆ ದಾರಿಗೆ ಬರಲಿಲ್ಲ. ಯಾರಾದರೂ ಬಂದರೆ ಅವನನ್ನು ಊರು ಹೊರಗಿಡುತ್ತಿತ್ತು, ಹೆಣ್ಣು ಕೊಡುವವರಿಲ್ಲ, ಜೊತೆಗೆ ಕೂತು ಉಣ್ಣುವವರಿಲ್ಲ. ಊರ ಪೂಜಾರಿ ಅವರನ್ನು ಬಲವಾಗಿ ವಿರೋಧಿಸಿದ. ಅವನ ಕಡೆಯಿಂದ ನೋಡಿದರೆ ಅದು ಸಹಜವೇ ಅಲ್ವಾ? ಯಾರೋ ಹೊರಗಿನವರು ಬಂದು ನಿಮ್ಮ ದೇವರು ಬೇಡ ಎಂದರೆ ಪೂಜಾರಿ ಸುಮ್ನೆ ಕೂರಬೇಕೇ?

ಹಾಗೆ ಕೇಳುವವರಿಲ್ಲದ ಆ ವರ್ಷಗಳಲ್ಲಿ ಈ ದಂಪತಿ ಏನು ಮಾಡುತ್ತಿದ್ದರು ಅನ್ನುವುದು ನನಗೆ ಮುಖ್ಯ. ಹಲ್ಲು ಕೀಳುತ್ತಿದ್ದರು. ಹುಣ್ಣು ತೊಳೆಯುತ್ತಿದ್ದರು. ಬಡಗಿ ಕೆಲಸ ಹೇಳಿಕೊಡುತ್ತಿದ್ದರು. ಹಣ್ಣಿನ ಗಿಡ ತಂದು ನೆಡಿಸಿದರು, ರೇಷ್ಮೆ ಹುಳು ಸಾಕುವುದನ್ನು ತೋರಿಸಿದರು, ಮಕ್ಕಳಿಗೆ ಅಕ್ಷರ ಹೇಳಿಕೊಟ್ಟರು. ಆಮೇಲೆ ನಾರುಹುಣ್ಣು.

ನಿಮ್ಮಲ್ಲಿ ಉತ್ತರ ಕರ್ನಾಟಕದವರು ಇದ್ದರೆ, ಮನೆಗೆ ಹೋದಾಗ ಅಜ್ಜಿಯನ್ನು ಕೇಳಿ. ನಾರುಹುಣ್ಣು ಅಂದರೆ ಏನು ಅಂತ ಅವರು ಹೇಳುತ್ತಾರೆ. ಪಾದದ ಹತ್ತಿರ, ಮೊಣಕಾಲ ಕೆಳಗೆ ಒಂದು ಬೊಬ್ಬೆ ಏಳುತ್ತದೆ. ಬೆಂಕಿ ಇಟ್ಟ ಹಾಗೆ ಉರಿ. ಬೊಬ್ಬೆ ಒಡೆದರೆ ಒಳಗಿಂದ ಬಿಳಿ ದಾರದ ತುದಿ ಕಾಣುತ್ತದೆ. ಅದು ಹುಳು, ಮೀಟರ್ ಉದ್ದದವರೆಗೂ ಇರುತ್ತದೆ. ಎಳೆದು ತೆಗೆಯುವ ಹಾಗಿಲ್ಲ. ತುಂಡಾಗಿ ಒಳಗೆ ಉಳಿದರೆ ಕೀವಾಗಿ ಕಾಲೇ ಕೆಡುತ್ತದೆ. ಒಂದು ಸಣ್ಣ ಕಡ್ಡಿಗೆ ಆ ತುದಿಯನ್ನು ಸುತ್ತಬೇಕು, ದಿನಕ್ಕೆ ಸ್ವಲ್ಪ ಸ್ವಲ್ಪವೇ, ಒಂದೆರಡು ಬೆರಳಗಲ, ಕಾಲಿಗೆ ಕಡ್ಡಿ ಕಟ್ಟಿಕೊಂಡೇ ವಾರಗಟ್ಟಲೆ ಕಾಯಬೇಕು. ಜೆಸ್ಸಿ ಹೀಗೆ ಕೂತು ಹುಳು ಸುತ್ತುತ್ತಿದ್ದರು.

ಸುತ್ತುತ್ತಾ ಸುತ್ತುತ್ತಾ ಅವರ ಗಮನ ಬಾವಿಯ ಮೇಲೆ ಹೋಯಿತು. ಇದನ್ನು ನೀವು ಓದಿರುತ್ತೀರಿ, ಆದರೂ ಇನ್ನೊಮ್ಮೆ ಕೇಳಿ. ಕಾಲು ಉರಿಯುವವನು ತಣ್ಣಗಾಗಲಿ ಎಂದು ನೀರಿಗಿಳಿಯುತ್ತಾನೆ. ಕಾಲು ನೀರಿಗೆ ತಾಗಿದ ಕೂಡಲೇ ಹುಳು ತನ್ನ ಮರಿಗಳನ್ನು ಲಕ್ಷಗಟ್ಟಲೆ ನೀರಿಗೆ ಬಿಡುತ್ತದೆ. ಆ ಮರಿಗಳನ್ನು ನೀರಿನ ಸಣ್ಣ ಸೈಕ್ಲಾಪ್ಸ್ ಜೀವಿ ತಿನ್ನುತ್ತದೆ. ಆ ನೀರನ್ನು ಊರವರು ಕುಡಿಯುತ್ತಾರೆ. ಸುಮಾರು ಒಂದು ವರ್ಷ ಕಳೆದ ಮೇಲೆ ಇನ್ನೊಬ್ಬರ ಕಾಲಲ್ಲಿ ಬೊಬ್ಬೆ ಏಳುತ್ತದೆ. ವರ್ಷದ ಹಿಂದೆ ಕುಡಿದ ನೀರಿಗೂ ಇವತ್ತಿನ ಬೊಬ್ಬೆಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು ಹೇಳಿ? ಜನ ದಡ್ಡರು ಅಂತ ಹೇಳುವವರಿಗೆ ನಾನು ಈ ಒಂದು ವರ್ಷದ ಅಂತರವನ್ನು ತೋರಿಸುತ್ತೇನೆ.

ಜೆಸ್ಸಿಗೆ ಕಲ್ಲು ಕಟ್ಟುವುದು ಗೊತ್ತಿತ್ತು. ಜನ ಇಳಿದು ನೀರು ತುಂಬಿಕೊಳ್ಳುತ್ತಿದ್ದ ಬಾವಿಗಳ ಸುತ್ತ ಕಲ್ಲಿನ ಕಟ್ಟೆ ಕಟ್ಟಿದರು. ಮೇಲೆ ನಿಂತು ಸೇದಿಕೊಳ್ಳಬೇಕು, ಕಾಲು ನೀರಿಗೆ ತಾಗುವ ಮಾತೇ ಇಲ್ಲ. ಸರಪಳಿ ಅಲ್ಲಿಗೆ ಕಡಿಯಿತು.

ಈಗ ಒಂದು ದೊಡ್ಡ ಲೆಕ್ಕ ಹೇಳುತ್ತೇನೆ. ಈ ರೋಗಕ್ಕೆ ಇವತ್ತಿಗೂ ಲಸಿಕೆ ಇಲ್ಲ, ಗುಣಪಡಿಸುವ ಔಷಧವೂ ಇಲ್ಲ. ಹಾಗಿದ್ದರೂ ಭಾರತದಲ್ಲಿ ಇದು ಅಳಿದುಹೋಗಿದೆ. ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶ ಎಂದು ಘೋಷಿಸಿತು. ಹೇಗೆ ಹೋಯಿತು? ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿದ್ದು, ಬೋರ್‌ವೆಲ್ ಕೊರೆದದ್ದು, ನೀರನ್ನು ಬಟ್ಟೆಯಲ್ಲಿ ಸೋಸಿದ್ದು, ಹುಳು ಇದ್ದವರು ನೀರಿಗಿಳಿಯದಂತೆ ನೋಡಿಕೊಂಡದ್ದು. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲೂ ಆರೋಗ್ಯ ಕಾರ್ಯಕರ್ತರು ಮನೆಮನೆ ತಿರುಗಿ ಇದನ್ನೇ ಮಾಡಿದರು. ಒಂದೂ ಆಪರೇಷನ್ ಇಲ್ಲ, ದುಬಾರಿ ಮಾತ್ರೆ ಇಲ್ಲ. ನೂರು ವರ್ಷದ ಹಿಂದೆ ಒಬ್ಬ ಮೇಸ್ತ್ರಿ ಮಿಷನರಿ ಕೊಲ್ಲಿಮಲೈಯಲ್ಲಿ ಮಾಡಿದ್ದು ಆ ಕೆಲಸವನ್ನೇ. ಅವರು ಮಾಡಿದ ಎಲ್ಲ ಬೋಧನೆಗಳಲ್ಲಿ ನನಗೆ ತುಂಬ ದೊಡ್ಡದಾಗಿ ಕಾಣುವುದು ಆ ಕಲ್ಲಿನ ಕಟ್ಟೆ.

ಇನ್ನೊಂದು ಕಡೆ, ಮಕ್ಕಳ ಪಾಠ. ಪಾಠ ಹೇಳುತ್ತಿದ್ದದ್ದು ಎವ್ಲಿನ್. ಹುಡುಗ ಪಾಲ್‌ಗೆ ಒಂದು ಕಡೆ ಕೂರುವುದೇ ಆಗುತ್ತಿರಲಿಲ್ಲ. ಮರ ಹತ್ತಿ ಕೊಂಬೆಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ. ಮುಗಿದ ಮೇಲೆ ಹಾಳೆಯನ್ನು ಮೇಲಿಂದ ಬಿಡುತ್ತಿದ್ದ, ಅಮ್ಮ ಕೆಳಗೆ ನಿಂತು ಹಿಡಿದು ತಿದ್ದುತ್ತಿದ್ದರು. ಅಪ್ಪನ ಪಾಠ ಬೇರೆ ಥರ. ಕಾಡಿಗೆ ಕರೆದುಕೊಂಡು ಹೋಗಿ ಗೆದ್ದಲ ಹುತ್ತ ಬಿಡಿಸಿ ಒಳಗಿನ ಕೋಣೆಗಳನ್ನು ತೋರಿಸುತ್ತಿದ್ದರು, ಹಕ್ಕಿ ಹೇಗೆ ಹುಳು ಹಿಡಿಯುತ್ತದೆ ನೋಡು ಎನ್ನುತ್ತಿದ್ದರು. ಕಂಡದ್ದನ್ನು ಸುಮ್ನೆ ದಾಟಿ ಹೋಗಬಾರದು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು. ಈ ಅಭ್ಯಾಸ ಮುಂದೆ ಆಪರೇಷನ್ ಥಿಯೇಟರಿಗೂ ಬಂತು.

ಊರಿನವರ ಪಾಠವೂ ಒಂದು ಇದೆ. ದೊಡ್ಡವರಾದ ಮೇಲೆ ಪಾಲ್ ಅವರೇ ಇದನ್ನು ನೆನಪಿಸಿಕೊಂಡು ಬರೆದಿದ್ದಾರೆ. ಬೆಟ್ಟದ ಹುಡುಗರ ಜೊತೆ ಸೇರಿ ಮೆಟ್ಟಿಲು ಗದ್ದೆಗಳಲ್ಲಿ ಕಪ್ಪೆ ಹಿಡಿಯುತ್ತಿದ್ದರಂತೆ. ಪೈರು ತುಳಿದು, ನೀರೆಲ್ಲ ರಾಡಿ. ಆಗ ಒಬ್ಬ ಮುದುಕ ಬಂದ. ಎಲ್ಲರೂ ಅವನನ್ನು ತಾತಾ ಅನ್ನುತ್ತಿದ್ದರು, ಗದ್ದೆಗಳ ಕಾವಲು ಅವನದು. ಹುಡುಗರು ಬೈಗುಳಕ್ಕೆ ಕಾಯುತ್ತಾ ನಿಂತರು. ತಾತಾ ಬಗ್ಗಿ ಒಂದು ಹಿಡಿ ಕೆಸರು ಎತ್ತಿಕೊಂಡ. ಇದೇನು ಅಂತ ಕೇಳಿದ. ಕೆಸರು ಎಂದರು. ಯಾರದ್ದು ಎಂದ. ನಿನ್ನ ಗದ್ದೆಯದ್ದು, ತಪ್ಪಾಯ್ತು ಎಂದರು. ಆಗ ಬದುವಿನ ಕಂಡಿಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ ಹರಿಯುತ್ತಿದ್ದ ನೀರನ್ನು ತೋರಿಸಿದ. ನೀರು ತಿಳಿಯಾಗಿದ್ದರೆ ಗದ್ದೆ ಸುರಕ್ಷಿತ. ಕೆಂಪಗೆ ಹರಿಯುತ್ತಿದೆ ಎಂದರೆ ಮಣ್ಣು ಹೋಗುತ್ತಿದೆ. ಕೆಳಗೆ ಹೋದ ಮಣ್ಣು ಯಾವತ್ತಾದರೂ ಬೆಟ್ಟ ಹತ್ತಿ ವಾಪಸ್ ಬಂದದ್ದನ್ನು ಕಂಡಿದ್ದೀರಾ? ಈ ಒಂದು ಹಿಡಿಯಲ್ಲಿ ಪ್ರತಿ ವರ್ಷ ಒಂದಷ್ಟು ಅನ್ನ ಬೆಳೆಯುತ್ತದೆ, ನನ್ನ ಮೊಮ್ಮಕ್ಕಳಿಗೂ ಅವರ ಮೊಮ್ಮಕ್ಕಳಿಗೂ ಬೇಕಾದದ್ದು ಇದು. ಇಷ್ಟು ಹೇಳಿ ಹೋದನಂತೆ.

ಬೆಟ್ಟದ ಒಬ್ಬ ರೈತ ಬಿಳಿ ಮಿಷನರಿಯ ಮಗನಿಗೆ ಮಾಡಿದ ಪಾಠ ಇದು. ಡಾಕ್ಟರಾಗಿ ಪ್ರಪಂಚ ಸುತ್ತಿದ ಮೇಲೂ ಆ ಮನುಷ್ಯ ಇದನ್ನು ಮರೆಯಲಿಲ್ಲ. ಬೋಧನೆ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಒಂದು ಕಹಿ ನೆನಪೂ ಇದೆ. ಒಂದು ದಿನ ಮೂರು ಜನ ಅಪರಿಚಿತರು ಬೆಟ್ಟ ಹತ್ತಿ ಇವರ ಮನೆಯ ಹತ್ತಿರ ಬಂದರು. ಕೈಕಾಲುಗಳಿಗೆ ಚಿಂದಿ ಸುತ್ತಿತ್ತು, ಬೆರಳುಗಳು ಮೊಂಡಾಗಿದ್ದವು. ಮಕ್ಕಳನ್ನು ಒಳಗೆ ಕಳಿಸಿದರು. ಪಾಲ್ ಬಗ್ಗಿ ನೋಡುತ್ತಿದ್ದ. ಅಪ್ಪ ಗ್ಲೌಸ್ ಹಾಕಿಕೊಂಡರು. ಎಂಥ ಹುಣ್ಣನ್ನೂ ಬರಿಗೈಯಲ್ಲಿ ಮುಟ್ಟುತ್ತಿದ್ದ ಅಪ್ಪ ಗ್ಲೌಸ್ ಹಾಕಿದ್ದನ್ನು ಆ ಹುಡುಗ ಗಮನಿಸಿದ. ಹುಣ್ಣು ತೊಳೆದು, ಬ್ಯಾಂಡೇಜ್ ಕಟ್ಟಿ ಕಳಿಸಿದರು. ಅವರು ಕೂತಿದ್ದ ಜಾಗಕ್ಕೆ ಮಕ್ಕಳು ಹೋಗಬಾರದು ಅಂತ ಹೇಳಿದರು. ಕುಷ್ಠ. ಅಂದಿನ ತಿಳಿವಳಿಕೆ ಅಷ್ಟೇ ಇತ್ತು. ಜೆಸ್ಸಿಯನ್ನು ದೂರಲು ನನಗೆ ಮನಸ್ಸಿಲ್ಲ, ಬಂದವರನ್ನು ಅವರು ಹಾಗೇ ಕಳಿಸಲಿಲ್ಲ. ಆದರೆ ಆ ಹುಡುಗನ ಮನಸ್ಸಿನಲ್ಲಿ ಭಯ ಕೂತಿತು.

ಪೂಜಾರಿಯ ವಿಷಯಕ್ಕೆ ಬರುತ್ತೇನೆ. 1918-19ರ ಇನ್‌ಫ್ಲುಯೆಂಜಾ ಬೆಟ್ಟವನ್ನೂ ಬಿಡಲಿಲ್ಲ. ಮನೆಮನೆಯಲ್ಲಿ ಜ್ವರ. ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ಜೆಸ್ಸಿ, ಎವ್ಲಿನ್ ದೊಡ್ಡ ಪಾತ್ರೆಯಲ್ಲಿ ಗಂಜಿ ಕಾಯಿಸಿ ಹೊತ್ತುಕೊಂಡು ಹೋಗಿ ಕುಡಿಸಿದರು. ಇಷ್ಟು ವರ್ಷ ಇವರನ್ನು ವಿರೋಧಿಸಿದ್ದ ಪೂಜಾರಿಯೂ ಮಲಗಿದ. ಬದುಕುವುದಿಲ್ಲ ಎಂದು ಗೊತ್ತಾದಾಗ ತನ್ನ ಕೂಸನ್ನು ಈ ದಂಪತಿಯ ಕೈಗೆ ಒಪ್ಪಿಸಿದ. ಆ ಹೆಣ್ಣು ಮಗುವಿಗೆ ರೂತ್ ಎಂದು ಹೆಸರಿಟ್ಟು ತಮ್ಮ ಮಗಳಾಗಿ ಸಾಕಿದರು. ಅಲ್ಲಿಂದಾಚೆಗೆ ಊರು ಬಾಗಿಲು ತೆರೆಯಿತು, ಕೆಲವರು ಕ್ರೈಸ್ತರೂ ಆದರು, ಬೆಟ್ಟದ ಮೇಲಿನ ವಾಳವಂದಿ ಎಂಬ ಊರಿನಲ್ಲಿ ಒಂದು ಪುಟ್ಟ ಕ್ರೈಸ್ತ ಸಭೆ ನಿಂತಿತು.

1923ರಲ್ಲಿ ಮಕ್ಕಳನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗಿ, ಓದಿಗಾಗಿ ಎವ್ಲಿನ್‌ರ ಅಕ್ಕತಂಗಿಯರ ಮನೆಯಲ್ಲಿ ಬಿಟ್ಟು ಬಂದರು. ಪಾಲ್‌ಗೆ ಒಂಬತ್ತು. ಆಮೇಲೆ ಆ ಹುಡುಗ ಅಪ್ಪನನ್ನು ನೋಡಲೇ ಇಲ್ಲ. 1929ರ ಜೂನ್‌ನಲ್ಲಿ ಜೆಸ್ಸಿ ಬ್ಲ್ಯಾಕ್‌ವಾಟರ್ ಜ್ವರದಿಂದ ತೀರಿಕೊಂಡರು. ಮಲೇರಿಯಾದ ಅತಿ ಕೆಟ್ಟ ರೂಪ ಅದು, ಕೆಂಪು ರಕ್ತಕಣಗಳು ಒಡೆದು ಮೂತ್ರ ಕಪ್ಪಾಗುತ್ತದೆ. 44 ವರ್ಷ ವಯಸ್ಸು. ಸಾವಿನ ಸುದ್ದಿ ತಂತಿಯಲ್ಲಿ ಲಂಡನ್ನಿಗೆ ಬಂತು. ಕಾಗದಗಳು ಹಡಗಿನಲ್ಲಿ ಬರುತ್ತಿದ್ದವು. ಹಾಗಾಗಿ ಅಪ್ಪ ಇಲ್ಲ ಎಂದು ತಿಳಿದ ಮೇಲೂ ಅಪ್ಪನ ಕಾಗದ ಬಂತು. ಅದರಲ್ಲಿ ಬೆಟ್ಟದ ಮಾತು, ಮರಗಿಡಗಳ ಮಾತು.

ಈಗ ಎವ್ಲಿನ್. ನನ್ನ ಮಟ್ಟಿಗೆ ಈ ಮನೆಯ ನಿಜವಾದ ನಾಯಕಿ ಇವರೇ. ಗಂಡ ಹೋದ ಮೇಲೆ ಇಂಗ್ಲೆಂಡಿಗೆ ಹೋಗಿ, ದುಃಖ ನುಂಗಿಕೊಂಡು, ವಾಪಸ್ ಬಂದರು. ಮಿಷನ್ ಅವರಿಗೆ ಬಯಲಿನಲ್ಲಿ ಕೆಲಸ ಕೊಟ್ಟಿತು. ಮಾಡಿದರು. 70ರ ಹತ್ತಿರ ಬಂದಾಗ ಇನ್ನು ಸಾಕು, ನಿವೃತ್ತರಾಗಿ ಎಂದರು. ಬೆಟ್ಟಕ್ಕೆ ಹೋಗಲು ಒಪ್ಪಿಗೆ ಕೇಳಿದರೆ ಸಿಗಲಿಲ್ಲ. ಅವರು ನಿಯಮದ ಪ್ರಕಾರ ನಿವೃತ್ತರಾದರು, ಆಮೇಲೆ ಸ್ವಂತ ಜವಾಬ್ದಾರಿಯ ಮೇಲೆ ಬೆಟ್ಟ ಹತ್ತಿದರು! ಸಂಬಳ ಕೊಡುವವರಿಲ್ಲ, ಕೇಳುವವರಿಲ್ಲ. ಒಂದು ಚಿಕ್ಕ ಮನೆ, ಮರಿಯಷ್ಟೆತ್ತರದ ಒಂದು ಗಿಡ್ಡ ಕುದುರೆ, ಔಷಧದ ಪೆಟ್ಟಿಗೆ.

ಗಂಡ ಹೆಂಡತಿ ಸೇರಿ ಕಂಡಿದ್ದ ಆಸೆ ಒಂದಿತ್ತು: ಕೊಲ್ಲಿಮಲೈ ಮಾತ್ರ ಸಾಲದು, ಸುತ್ತಲಿನ ಬೆಟ್ಟಸಾಲುಗಳಿಗೂ ಹೋಗಬೇಕು. ಪಚ್ಚೈಮಲೈ, ಕಲ್ವರಾಯನ್ ಬೆಟ್ಟ ಹೀಗೆ ಒಂದೊಂದಕ್ಕೂ ಆ ಮುದುಕಿ ಹೋದರು. ಬಿದ್ದರು, ಮೂಳೆ ಮುರಿಯಿತು. ಎರಡು ಬಿದಿರು ಕೋಲು ಊರಿಕೊಂಡು ನಡೆದರು. ಅಷ್ಟು ಹೊತ್ತಿಗೆ ಮಗ ವೆಲ್ಲೂರಿನಲ್ಲಿ ದೊಡ್ಡ ಸರ್ಜನ್. ಕೆಳಗೆ ಬಂದು ಇರು ಅಮ್ಮಾ ಅಂತ ಅವರು ಹೇಳಿದರೆ, ಉಪಯೋಗಕ್ಕೆ ಬಾರದೆ ಜೋಪಾನ ಮಾಡಿ ಇಟ್ಟುಕೊಳ್ಳಲು ಈ ಮೈ ಯಾಕೆ ಬೇಕು ಅನ್ನುವ ಅರ್ಥದ ಉತ್ತರ. ನಾರುಹುಣ್ಣಿನ ಕೆಲಸವನ್ನು ಕೈಬಿಡಲಿಲ್ಲ, ಊರೂರಿನ ಬಾವಿಗಳಿಗೆ ಕಟ್ಟೆ ಕಟ್ಟಿಸುವುದನ್ನು ಮುಂದುವರಿಸಿದರು. ಕೊನೆಯ 20 ವರ್ಷ ಮನೆಯಲ್ಲಿ ಕನ್ನಡಿ ಇಟ್ಟುಕೊಳ್ಳಲಿಲ್ಲ ಅಂತ ಮಗ ಬರೆದಿದ್ದಾರೆ. ಚೆಂದದ ಬಟ್ಟೆಯಲ್ಲಿ ಬೆಳೆದ, ಚಿತ್ರ ಬರೆಯುತ್ತಿದ್ದ ಹೆಣ್ಣುಮಗಳು! ಬೆಟ್ಟದವರಿಗೆ ಅವರು ಅಜ್ಜಿ, ಹೊರಗಿನವರಿಗೆ ಗ್ರ್ಯಾನಿ ಬ್ರಾಂಡ್. 1974ರ ಡಿಸೆಂಬರಿನಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಮರ ಹಾಳುಮಾಡಿ ಪೆಟ್ಟಿಗೆ ಮಾಡಿಸಲಿಲ್ಲ. ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಂಡನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು.

ಮಗನ ಕತೆ ನಿಮಗೆ ಸ್ವಲ್ಪ ಗೊತ್ತಿದೆ, ಬೇಗ ಹೇಳುತ್ತೇನೆ. ಬೆಟ್ಟದಲ್ಲಿ ಅಪ್ಪ ಕೀವು ತೆಗೆಯುವುದನ್ನು ನೋಡಿ ಪಾಲ್‌ಗೆ ವೈದ್ಯಕೀಯವೇ ಬೇಡವಾಗಿತ್ತು. ಶಾಲೆ ಮುಗಿಸಿ ಕಲ್ಲುಕೆಲಸ, ಮರಗೆಲಸ ಕಲಿತರು. ಮನೆ ಕಟ್ಟುವವನಾಗಿ ಭಾರತಕ್ಕೆ ಹೋಗಬೇಕು ಅಂತ. ಆಮೇಲೆ ಅಪ್ಪ ಓದಿದ್ದ ಅದೇ ಸಣ್ಣ ಕೋರ್ಸಿಗೆ ಹೋದಾಗ ಮನಸ್ಸು ತಿರುಗಿತು. ಲಂಡನ್ನಿನಲ್ಲಿ ಡಾಕ್ಟರಾಗಿ, ಯುದ್ಧದ ಗಾಯಾಳುಗಳ ಮಧ್ಯೆ ಸರ್ಜರಿ ಕಲಿತು, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಹೆಂಡತಿ ಮಾರ್ಗರೆಟ್ ಮುಂದೆ ಅಲ್ಲಿ ಕಣ್ಣಿನ ಡಾಕ್ಟರ್ ಆದರು, ಕುಷ್ಠದಿಂದ ಕಣ್ಣು ಕಳೆದುಕೊಳ್ಳುವವರಿಗಾಗಿ ದುಡಿದರು.

ಚೆಂಗಲ್‌ಪಟ್ಟು ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಬೆರಳು ಮಡಚಿಹೋದ ಒಬ್ಬ ರೋಗಿಯ ಕೈಯನ್ನು ಪಾಲ್ ಹಿಡಿದುಕೊಂಡು, ಒತ್ತು ನೋಡೋಣ ಎಂದರು. ಅವನು ಒತ್ತಿದ. ನೋವಾಗಿ ಕೂಗಿಕೊಳ್ಳುವಷ್ಟು ಬಲ! ಸತ್ತ ಕೈಯಲ್ಲಿ ಇಷ್ಟು ಶಕ್ತಿ ಎಲ್ಲಿಂದ? ಅಂಗೈಯ ಸಣ್ಣ ಸ್ನಾಯುಗಳು ಸತ್ತಿವೆ, ಮುಂಗೈಯ ದೊಡ್ಡ ಸ್ನಾಯುಗಳು ಬದುಕಿವೆ. ಹಾಗಿದ್ದರೆ ಬದುಕಿರುವ ಸ್ನಾಯುವಿನ ತಂತುವನ್ನು ಬೆರಳಿಗೆ ಜೋಡಿಸಬಹುದಲ್ಲ? ಅಲ್ಲಿಂದ ಶುರುವಾಯಿತು ಕುಷ್ಠರೋಗಿಗಳ ಕೈ ಸರ್ಜರಿ. ಗ್ಲೌಸ್ ಹಾಕಿದ ಅಪ್ಪನ ಮಗ ಆ ಕೈಯನ್ನು ಬರಿಗೈಯಲ್ಲಿ ಹಿಡಿದಿದ್ದ ಅನ್ನುವುದನ್ನು ಗಮನಿಸಿ.

ಇನ್ನೊಂದು ದೊಡ್ಡ ವಿಷಯ. ಕುಷ್ಠದಲ್ಲಿ ಬೆರಳು ತಾನಾಗಿ ಉದುರುತ್ತದೆ ಅಂತ ಎಲ್ಲರೂ ನಂಬಿದ್ದರು. ಹಾಗಲ್ಲ, ಸ್ಪರ್ಶ ಇಲ್ಲದ್ದರಿಂದ ಗಾಯವಾಗಿ, ಆ ಗಾಯ ಗೊತ್ತಾಗದೆ ಕೆಡುತ್ತದೆ ಅಂತ ಪಾಲ್ ಮತ್ತು ಅವರ ತಂಡ ತೋರಿಸಿಕೊಟ್ಟರು. ಗುಣವಾದ ರೋಗಿಗಳ ಬೆರಳು ರಾತ್ರಿ ಮಲಗಿದ್ದಾಗ ಮಾಯವಾಗುತ್ತಿತ್ತು. ಕಾವಲು ಕೂತು ನೋಡಿದರೆ, ಇಲಿ ಬಂದು ಕಡಿಯುತ್ತಿತ್ತು. ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆಮೇಲೆ ಮನೆಗೆ ಹೋಗುವ ರೋಗಿಗೆ ಒಂದೊಂದು ಬೆಕ್ಕು ಕೊಟ್ಟು ಕಳಿಸಿದರು. ಬಾವಿಗೆ ಕಟ್ಟೆ ಕಟ್ಟಿದ ಅಪ್ಪನ ತಲೆಯೇ ಇಲ್ಲೂ ಕೆಲಸ ಮಾಡಿದೆ. ರೋಗಿಗಳಿಗೆ ಬಡಗಿ ಕೆಲಸ ಕಲಿಸಲು 1951ರಲ್ಲಿ ಒಂದು ಕೇಂದ್ರ ಶುರುವಾಯಿತು, ಅಲ್ಲಿ ಸುತ್ತಿಗೆ ಉಳಿಗಳ ಹಿಡಿ ಹೇಗಿದ್ದರೆ ಕೈಗೆ ಗಾಯವಾಗುವುದಿಲ್ಲ ಅಂತ ನೋಡಿದ್ದು ಮರಗೆಲಸ ಬಲ್ಲ ಡಾಕ್ಟರ್. ಕಾಲಿಗೆ ಮೆತ್ತಗಿನ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಬಂದದ್ದೂ ಅಲ್ಲಿಂದಲೇ. ನೀವು ಎಂಸಿಆರ್ ಚಪ್ಪಲಿ ಎನ್ನುತ್ತೀರಲ್ಲ, ಅದೇ. 1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಇದೇ ತಿಳಿವಳಿಕೆ ಸಕ್ಕರೆ ಕಾಯಿಲೆಯವರ ಪಾದಕ್ಕೂ ದಾಟಿತು. 2003ರಲ್ಲಿ ತೀರಿಕೊಂಡರು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬ ಮೇಷ್ಟ್ರು ನೇರವಾಗಿ ಕೇಳಿದರು: "ಸಾರ್, ಗಂಜಿ ಕೊಟ್ಟದ್ದು, ಬಾವಿ ಕಟ್ಟಿದ್ದು ಎಲ್ಲ ಮತಾಂತರಕ್ಕೆ ತಾನೇ?" ಒಳ್ಳೆ ಪ್ರಶ್ನೆ. ತಮ್ಮ ನಂಬಿಕೆ ಹಂಚಬೇಕು ಅನ್ನುವುದು ಅವರ ಜೀವನದ ಉದ್ದೇಶವಾಗಿತ್ತು, ಅದರಲ್ಲಿ ಅನುಮಾನ ಇಲ್ಲ. ಬ್ರಿಟಿಷ್ ಆಳ್ವಿಕೆಯ ಕಾಲ, ಬಿಳಿಯರ ಮಾತಿಗೆ ಒಂದು ತೂಕ ಇತ್ತು, ಅದೂ ನಿಜ. ಬೆಟ್ಟದವರ ದೇವರನ್ನು ಅವರು ಸುಳ್ಳು ಅಂದುಕೊಂಡಿದ್ದು ನನಗೆ ಒಪ್ಪಿಗೆ ಇಲ್ಲ. ಆದರೆ ಔಷಧಕ್ಕೆ ಬದಲಾಗಿ ಮತ ಕೇಳಿದ್ದರೆ ಅಷ್ಟು ವರ್ಷ ಬರಿಗೈಯಲ್ಲಿ ಕೂರುತ್ತಿರಲಿಲ್ಲ. ಯಾರೂ ಬಾರದಿದ್ದಾಗಲೂ ಹುಳು ಸುತ್ತಿದರು, ಬಾವಿ ಕಟ್ಟಿದರು. ಆ ನೀರನ್ನು ಎಲ್ಲರೂ ಕುಡಿದರು. ನಾನು ನೋಡುವುದು ಅದನ್ನು. ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಒಬ್ಬಳು ಹುಡುಗಿ ಕೇಳಿದಳು: "ಆ ಮಕ್ಕಳನ್ನು ಅಷ್ಟು ದೂರ ಬಿಟ್ಟು ಬಂದದ್ದು ಸರಿಯಾ?" ನನಗೂ ಅದು ಸರಿ ಅನಿಸುವುದಿಲ್ಲಮ್ಮ. ಆ ಕಾಲದ ಎಷ್ಟೋ ಮಿಷನರಿ ಮನೆಗಳು ಹೀಗೇ ಮಾಡಿದವು. ಅದರ ಬೆಲೆ ಕೊಟ್ಟವರು ಮಕ್ಕಳು. ಅಪ್ಪ ಅಮ್ಮನ ಕೆಲಸ ದೊಡ್ಡದು ಎಂದ ಮಾತ್ರಕ್ಕೆ ಆ ಬೆಲೆ ಸಣ್ಣದಾಗುವುದಿಲ್ಲ.

ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, ತನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ, ಪಾದ ಜುಮುಜುಮು ಎನ್ನುತ್ತದೆ, ಎಂಥ ಚಪ್ಪಲಿ ಕೊಡಿಸಲಿ ಎಂದ. ಮೊದಲು ಡಾಕ್ಟರ ಹತ್ತಿರ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಪ್ಪ. ನೈಲಾನ್ ಎಳೆ ಒತ್ತಿ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಸ್ಪರ್ಶ ಕಡಿಮೆಯಾಗಿದ್ದರೆ ಎಂಸಿಆರ್ ಹೆಸರು ನೋಡಿ ಸಿಕ್ಕಿದ್ದು ತರಬೇಡ, ಪಾದದ ಅಳತೆ ಕೊಟ್ಟು ಮಾಡಿಸು. ಹೆಬ್ಬೆರಳ ಸಂದಿಗೆ ಬರುವ ಪಟ್ಟಿ ಬೇಡ, ಅಗಲವಾದ ಪಟ್ಟಿ ಇರಲಿ, ಹಿಮ್ಮಡಿಗೂ ಒಂದು ಪಟ್ಟಿ ಬೇಕು. ಮನೆಯೊಳಗೂ ಬರಿಗಾಲಲ್ಲಿ ಓಡಾಡುವುದು ಬೇಡ ಅಂತ ಹೇಳು, ದೇವರ ಮನೆಗೆ ಬೇರೆ ಒಂದು ಜೊತೆ ಇಟ್ಟುಕೊಳ್ಳಲಿ. ಚಪ್ಪಲಿ ಹಾಕುವ ಮುಂಚೆ ಕೈಯಾಡಿಸಿ ಕಲ್ಲು, ಮೊಳೆ ಇದೆಯಾ ನೋಡಬೇಕು. ರಾತ್ರಿ ಪಾದದ ಅಡಿ ನೋಡಿಕೊಳ್ಳಬೇಕು. ಅಮ್ಮನಿಗೆ ಬಗ್ಗಲು ಆಗದಿದ್ದರೆ, ಊರಿಗೆ ಹೋದಾಗ ನೀನು ನೋಡು. ಉಳಿದ ದಿನ ಯಾರು ನೋಡುತ್ತಾರೆ ಅಂತ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.